ಶಹಾಬಾದಿನ ಕಲ್ಲು, ಮಂಗಳೂರಿನ ಹೆಂಚು: ಮನೆ ಕಟ್ಟುವವರ ಮಾತಿನ ಇತಿಹಾಸ

ರಾಜ್ಯೋತ್ಸವದ ಸಂಚಿಕೆಯೆಂದ ಮೇಲೆ ಕದಂಬರಿಂದ ಮೊದಲುಮಾಡಿ ಕೃಷ್ಣದೇವರಾಯನವರೆಗಿನ ವೈಭವವನ್ನೂ, ಪಂಪನಿಂದ ಮೊದಲುಮಾಡಿ ನಮ್ಮ ಕಾಲದ ಕವಿಗಳವರೆಗಿನ ಕೀರ್ತಿಯನ್ನೂ ನೆನೆಯುವುದು ವಾಡಿಕೆ. ಅದು ಆಗಬೇಕಾದದ್ದೇ ಸರಿ. ಆದರೆ ಅರಸರು ಕಟ್ಟಿಸಿದರು, ಕವಿಗಳು ಹೊಗಳಿದರು. ಕಲ್ಲು ಹೊತ್ತು, ಸುಣ್ಣ ಅರೆದು, ಗೋಡೆ ಎಬ್ಬಿಸಿದವರು ಯಾರು? ಅವರು ಕೆಲಸದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಕೂಗಿ ಹೇಳಿದ ಮಾತುಗಳು ಯಾವುವು? ಈ ಲೇಖನ ಆ ಮಾತುಗಳನ್ನು ಕುರಿತದ್ದು. ವಿಷಯ ಸಣ್ಣದೆಂದು ವಾಚಕರು ಪುಟ ತಿರುವಿಹಾಕಬಾರದೆಂದು ಪ್ರಾರ್ಥನೆ. ನಾಗಪುರದಲ್ಲಿ ನೆಲಸಿದ ಕನ್ನಡಿಗರಾದ ನಮಗೆ ಈ ವಿಷಯ ಕಾಲ ಕೆಳಗೂ ಇದೆ, ತಲೆಯ ಮೇಲೂ ಇದೆ.

ಇದು ಅಲಂಕಾರದ ಮಾತಲ್ಲ. ನಾಗಪುರದ ಹಳೆಯ ಯಾವುದಾದರೊಂದು ಮನೆಯ ಹಿತ್ತಲಿಗೋ ಮೆಟ್ಟಿಲ ಬಳಿಗೋ ಹೋಗಿ ನೆಲವನ್ನು ನೋಡಿರಿ. ಬೂದುಬಣ್ಣದ, ನುಣುಪಾದ, ಚಪ್ಪಟೆ ಕಲ್ಲು ಹಾಸಿದ್ದರೆ ಅದೇನೆಂದು ಅಲ್ಲಿಯ ಮಿಸ್ತ್ರಿಯನ್ನು ಕೇಳಿರಿ. ‘ಶಹಾಬಾದಿ ಫರಶಿ’ ಎಂದು ತಟ್ಟನೆ ಹೇಳುತ್ತಾನೆ. ಶಹಾಬಾದು ಎಲ್ಲಿಯದೆಂದು ಕೇಳಿದರೆ ಒಂದು ಕ್ಷಣ ತಡೆದಾನು. ಅವನ ಬಾಯಲ್ಲಿ ಅದು ಊರಿನ ಹೆಸರಾಗಿ ಉಳಿದಿಲ್ಲ, ಕಲ್ಲಿನ ಹೆಸರೇ ಆಗಿಬಿಟ್ಟಿದೆ. ಇನ್ನು ತಲೆ ಎತ್ತಿ ಸೂರನ್ನು ನೋಡಿರಿ. ಒಂದರೊಳಗೊಂದು ಕೊಂಡಿ ಕೂತ ಕೆಂಪು ಹೆಂಚುಗಳಿದ್ದರೆ ಅವು ಮರಾಠಿಯಲ್ಲಿ ‘ಮಂಗಳೂರಿ ಕೌಲು’. ಹೀಗೆ ಕನ್ನಡ ನಾಡಿನ ಎರಡು ಊರುಗಳು, ಒಂದು ಬಡಗಣದ್ದು, ಒಂದು ಪಡುವಣ ಕಡಲ ದಂಡೆಯದು, ಮರಾಠಿ ಮಾತಿನೊಳಗೆ ಸದ್ದಿಲ್ಲದೆ ಸೇರಿ ಕುಳಿತಿವೆ. ಅವುಗಳಿಗೆ ಯಾರೂ ಸಭೆ ಕೂಡಿಸಿ ಸ್ವಾಗತ ಕೋರಲಿಲ್ಲ. ಸರಕಿನ ಬೆನ್ನೇರಿ ಬಂದವು, ಉಳಿದವು.

ಶಹಾಬಾದು ಈಗಿನ ಕಲಬುರಗಿ ಜಿಲ್ಲೆಯ ಊರು. ಭೀಮಾ ನದಿಯ ಸೀಮೆಯಲ್ಲಿ ಅತಿ ಪ್ರಾಚೀನ ಕಾಲದ ಸುಣ್ಣಕಲ್ಲು ಪದರ ಪದರವಾಗಿ, ಪುಸ್ತಕದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ, ನೆಲದೊಳಗೆ ಮಲಗಿದೆ. ಅದನ್ನು ಹೋಳಾಗಿಸಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಪದರದ ಸಂದಿಗೆ ಉಳಿ ಕೊಟ್ಟು ಸುತ್ತಿಗೆಯಿಂದ ಹದವರಿತು ಹೊಡೆದರೆ ಚಪ್ಪಡಿ ತಾನಾಗಿ ಎದ್ದುಬರುತ್ತದೆ. ಈ ಗುಣದಿಂದಲೇ ಅದು ಬಡವರ ಮನೆಗೂ ಒದಗಿತು. ಆದರೆ ಕಲ್ಲಿಗೆ ಕಾಲಿಲ್ಲ. ಕಾಲು ಕೊಟ್ಟದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ೧೮೬೭ರಲ್ಲಿ ನಾಗಪುರವನ್ನು ಮುಟ್ಟಿತು. ಅದೇ ಕಂಪನಿಯ ಇನ್ನೊಂದು ಹಳಿ ಸೊಲ್ಲಾಪುರದ ಮೇಲಿಂದ ಶಹಾಬಾದು, ವಾಡಿಗಳನ್ನು ಹಾದು ೧೮೭೧ರಲ್ಲಿ ರಾಯಚೂರಿಗೆ ಹೋಗಿ ಮದರಾಸಿನ ಹಳಿಯನ್ನು ಕೂಡಿತು. ಹಳಿಯ ಮಗ್ಗುಲಲ್ಲೇ ಗಣಿಯಿದ್ದ ಕಲ್ಲು ಊರೂರಿಗೆ ಹರಡುವುದಕ್ಕೆ ಇನ್ನೇನು ಬೇಕು?

ಅದರ ಜೊತೆಗೆ ಅಂಟಿಕೊಂಡ ‘ಫರಶಿ’ ಎಂಬ ಮಾತೂ ವಿಚಾರಮಾಡತಕ್ಕದ್ದು. ಅರಬ್ಬಿ ಮೂಲದ ‘ಫರ್ಶ್’ ಎಂದರೆ ಹಾಸು, ಹರಡು ಎಂದರ್ಥ. ಕಲಬುರಗಿಯ ಕಡೆ ಕನ್ನಡಿಗರೂ ‘ಫರ್ಸಿ’ ಎನ್ನುತ್ತಾರೆ. ಕನ್ನಡದಲ್ಲಿ ಅದಕ್ಕೆ ಮಾತಿಲ್ಲವೆ? ಉಂಟು: ‘ಹಾಸುಗಲ್ಲು’. ಹಾಸಿದ ಕಲ್ಲು ಹಾಸುಗಲ್ಲು. ಅರಬ್ಬಿಯವನೂ ಕನ್ನಡಿಗನೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ರೀತಿ ಆಲೋಚಿಸಿದರು. ಕೈಕೆಲಸ ಒಂದಾದಲ್ಲಿ ಬುದ್ಧಿಯೂ ಒಂದೇ ಹಾದಿ ಹಿಡಿಯುತ್ತದೆಂಬುದಕ್ಕೆ ಇದೊಂದು ಸಾಕ್ಷಿ.

ಮಂಗಳೂರಿನ ಹೆಂಚಿನ ಕತೆ ಇನ್ನಷ್ಟು ಸ್ವಾರಸ್ಯವಾದದ್ದು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರಖಾನೆ ತೆರೆದರು. ಅದನ್ನು ಮೊದಲುಮಾಡಿದವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನರು. ನೇತ್ರಾವತಿಯ ಸೀಮೆಯ ಜೇಡಿಮಣ್ಣು ಒಳ್ಳೆಯದಾಗಿತ್ತು. ಕುಂಬಾರನ ಚಕ್ರದ ಬದಲು ಅಚ್ಚಿನಲ್ಲಿ ಒತ್ತಿ ಸುಟ್ಟ ಹೆಂಚು ಒಂದರ ಅಂಚಿಗೆ ಒಂದು ಕಚ್ಚಿ ನಿಲ್ಲುತ್ತಿತ್ತು. ನಾಟಿ ಹೆಂಚಿನಂತೆ ವರ್ಷವರ್ಷವೂ ಕೈಯಾಡಿಸಬೇಕಾದ ಕಷ್ಟವಿರಲಿಲ್ಲ. ವಿದರ್ಭದಲ್ಲಿ ನಾಟಿ ಹೆಂಚಿಗೆ ‘ಕವೇಲು’ ಎಂಬ ಹೆಸರು ಮೊದಲೇ ಇತ್ತು. ಹೊಸದಕ್ಕೆ ಹೊಸ ಹೆಸರು ಬೇಕಾದಾಗ ಅದು ಹುಟ್ಟಿದ ಊರೇ ಹೆಸರಾಯಿತು. ಆಮೇಲೆ ಅದೇ ಮಾದರಿಯ ಹೆಂಚನ್ನು ಬೇರೆ ಎಷ್ಟೋ ಕಡೆ ಸುಟ್ಟರೂ ಮಂಗಳೂರಿನ ಹೆಸರು ಬಿಟ್ಟುಹೋಗಲಿಲ್ಲ.

ಇಲ್ಲೊಂದು ಸಂಗತಿಯನ್ನು ಕನ್ನಡಿಗರು ಮರೆಯಬಾರದು. ಫರ್ಡಿನಾಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ, ಇದೇ ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ. ನಮ್ಮ ಮನೆಗಳಿಗೆ ಹೆಂಚು ಹೊದಿಸಿದ ಸಂಸ್ಥೆಯೇ ನಮ್ಮ ಮಾತುಗಳಿಗೂ ಒಂದು ಸೂರು ಕಟ್ಟಿತೆನ್ನಬಹುದು. ಆ ನಿಘಂಟನ್ನು ತೆರೆದರೆ ಕವಿಗಳ ಮಾತಿನ ಮಗ್ಗುಲಲ್ಲೇ ಬಡಗಿಯ ಉಳಿ, ಗಾರೆಯವನ ಕರಣೆ, ಒಕ್ಕಲಿಗನ ನೇಗಿಲು ಎಲ್ಲವೂ ಕಾಣಸಿಗುತ್ತವೆ. ಇತ್ತ ಮರಾಠಿಯಲ್ಲಿ ಮೋಲ್ಸ್‌ವರ್ಥರ ನಿಘಂಟು ೧೮೩೧ರಲ್ಲಿ ಮೊದಲು ಹೊರಬಂದು ೧೮೫೭ರಲ್ಲಿ ಎರಡನೆಯ ಸಲ ಅಚ್ಚಾಯಿತು. ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು ನೋಡಿದರೆ ಕನ್ನಡದ ಕಸುಬಿನ ಮಾತೂ ಮರಾಠಿಯ ಕಸುಬಿನ ಮಾತೂ ಎಷ್ಟು ಒಡನಾಡಿದವೆಂಬುದು ಗೊತ್ತಾಗುತ್ತದೆ.

ಈ ಒಡನಾಟ ರೈಲಿನ ಕಾಲದಲ್ಲಿ ಮೊದಲಾದದ್ದೆಂದು ತಿಳಿಯಬಾರದು. ನಾಗಪುರಕ್ಕೆ ಹತ್ತಿರದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಪಟಗಳು ರಾಷ್ಟ್ರಕೂಟರ ಮೂರನೆಯ ಕೃಷ್ಣನವು, ಕಾಲ ಕ್ರಿ. ಶ. ೯೪೦. ಅದರಲ್ಲಿ ದಾನವಾಗಿ ಕೊಟ್ಟ ಹಳ್ಳಿ ‘ನಾಗಪುರ–ನಂದಿವರ್ಧನ’ವೆಂಬ ವಿಷಯದಲ್ಲಿ, ಎಂದರೆ ಜಿಲ್ಲೆಯಲ್ಲಿ, ಇದ್ದದ್ದೆಂದು ಹೇಳಿದೆ. ನಂದಿವರ್ಧನವೆಂದರೆ ರಾಮಟೇಕದ ಬಳಿಯ ಇಂದಿನ ನಗರಧನ. ನಾಗಪುರದ ಹೆಸರು ಇತಿಹಾಸದಲ್ಲಿ ಕೇಳಿಬರುವ ಅತಿ ಹಳೆಯ ಸಂದರ್ಭಗಳಲ್ಲಿ ಇದೊಂದು. ಆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಕಾಗಿಣಾ ನದಿಯ ದಡದಲ್ಲಿ, ಶಹಾಬಾದಿನ ನೆರೆಯಲ್ಲೇ. ಆಗ ಅಪ್ಪಣೆ ಬಂದ ದಿಕ್ಕಿನಿಂದಲೇ ಈಗ ಹಾಸುಗಲ್ಲು ಬರುತ್ತಿದೆ. ಇದೇ ಕೃಷ್ಣನ ಕನ್ನಡ ಪ್ರಶಸ್ತಿಯೊಂದು ನಾಗಪುರಕ್ಕೂ ಎಷ್ಟೋ ಬಡಗಲಾಗಿ, ಮಧ್ಯಪ್ರದೇಶದ ಮೈಹರಿನ ಬಳಿಯ ಜೂರಾದಲ್ಲಿ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ.

ಅವನ ಪೂರ್ವಿಕನಾದ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸನಾಥ ದೇವಾಲಯವನ್ನು ನೋಡದ ನಾಗಪುರದ ಕನ್ನಡ ಕುಟುಂಬ ಕಡಿಮೆ. ಅದನ್ನು ಮಾಡಿದ ಶಿಲ್ಪಿ ತಾನೇ ಮುಗಿದ ಕೆಲಸವನ್ನು ನೋಡಿ, ಇದನ್ನು ನಾನು ಹೇಗೆ ಮಾಡಿದೆನೆಂದು ಬೆರಗಾದನಂತೆ. ಈ ಮಾತು ಬಡೋದೆಯಲ್ಲಿ ಸಿಕ್ಕ ಕ್ರಿ. ಶ. ೮೧೨ರ ರಾಷ್ಟ್ರಕೂಟ ತಾಮ್ರಪಟದಲ್ಲಿದೆ. ಬೆರಗಾದವನ ಹೆಸರು ಮಾತ್ರ ಅಲ್ಲಿಲ್ಲ.

ಆದರೆ ಹೆಸರು ಉಳಿದ ಪುಣ್ಯವಂತರೂ ಕೆಲವರುಂಟು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅಲ್ಲಿಯ ಶಾಸನಗಳಲ್ಲಿ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಎಂಬ ಹೆಸರುಗಳಿವೆ. ‘ತೆಂಕಣ ದಿಕ್ಕಿನ ಸೂತ್ರಧಾರಿ’ ಎಂಬ ಅರ್ಥದ ಬಿರುದೂ ಇದೆ. ಸೂತ್ರಧಾರಿಯೆಂದರೆ ನೂಲು ಹಿಡಿದವನು, ಅಳತೆಯ ದಾರ ಹಿಡಿದು ಕಟ್ಟಡದ ಗೆರೆ ಹಾಕುವವನು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ‘ಓಜ’ ಎಂಬುದು ‘ಉಪಾಧ್ಯಾಯ’ ಎಂಬುದರ ಸವೆದ ರೂಪ. ಕಲ್ಲು ಕೆತ್ತುವವನನ್ನು ಕನ್ನಡಿಗರು ಗುರುವಿನ ಹೆಸರಿನಿಂದ ಕರೆದರೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಈಗ ಆ ಸೂತ್ರಧಾರಿಯನ್ನು ಹಿಡಿದೇ ನಾಗಪುರದ ಬೀದಿಗೆ ಬರೋಣ. ಇಲ್ಲಿ ಮರಗೆಲಸದವನು ಮರಾಠಿಯಲ್ಲಿ ‘ಸುತಾರ’. ಇದು ಸೂತ್ರಧಾರನೇ ಸವೆದು ಸಣ್ಣದಾದದ್ದು. ಇದೇ ಬೀದಿಯಲ್ಲಿ ಹಿಂದಿಯವರು ಅವನನ್ನೇ ‘ಬಢಈ’ ಎನ್ನುತ್ತಾರೆ. ಅದು ಸಂಸ್ಕೃತದ ‘ವರ್ಧಕಿ’ಯಿಂದ ಬಂದ ಮಾತು, ನಮ್ಮ ‘ಬಡಗಿ’ಯೂ ಅಲ್ಲಿಂದಲೇ. ಮರಾಠಿಯೂ ಹಿಂದಿಯೂ ಕೂಡುವ ನಾಗಪುರದಲ್ಲಿ ಕನ್ನಡಿಗನಿಗೆ ಹೀಗೆ ಎರಡು ಕಡೆಯ ನೆಂಟರು ಸಿಗುತ್ತಾರೆ: ಸುತಾರನಲ್ಲಿ ಪಟ್ಟದಕಲ್ಲಿನ ಬಿರುದು, ಬಢಈಯಲ್ಲಿ ನಮ್ಮೂರಿನ ಬಡಗಿ. ಇನ್ನು ಗೋಡೆ ಕಟ್ಟುವವನು ಇಲ್ಲಿ ‘ಮಿಸ್ತ್ರಿ’, ನಮ್ಮಲ್ಲಿ ‘ಮೇಸ್ತ್ರಿ’. ಇವರಿಬ್ಬರೂ ಪೋರ್ಚುಗೀಸರ ‘ಮೆಸ್ತ್ರೆ’, ಎಂದರೆ ಒಡೆಯ, ಗುರು, ಎಂಬ ಒಂದೇ ಮಾತಿನ ಮಕ್ಕಳು. ಉತ್ತರ ಕರ್ನಾಟಕದ ‘ಗೌಂಡಿ’ ಮರಾಠಿಯ ‘ಗವಂಡಿ’. ನೋಡಿರಿ, ಓಜನೂ ಗುರುವೇ, ಮೇಸ್ತ್ರಿಯೂ ಗುರುವೇ. ಭಾಷೆ ಬದಲಾಯಿತು, ಗೌರವ ಬದಲಾಗಲಿಲ್ಲ.

ಮಿಸ್ತ್ರಿಯ ಕೈಯ ಹತಾರಗಳನ್ನೂ ಸರಕುಗಳನ್ನೂ ಒಂದೊಂದಾಗಿ ನೋಡೋಣ. ಕನ್ನಡದ ‘ಇಟ್ಟಿಗೆ’, ಮರಾಠಿಯ ‘ವೀಟ’, ಹಿಂದಿಯ ‘ಈಂಟ್’ ಮೂರೂ ಸಂಸ್ಕೃತದ ‘ಇಷ್ಟಿಕಾ’ ಮನೆತನದವು. ನಮ್ಮ ‘ಸುಣ್ಣ’, ಅವರ ‘ಚುನಾ’ ಎರಡೂ ‘ಚೂರ್ಣ’ದಿಂದ. ಗಾರೆಯನ್ನು ಎತ್ತಿ ಬಳಿಯುವ ‘ಕರಣೆ’ ಇಲ್ಲಿ ‘ಕರಣಿ’, ‘ಕರನಿ’. ಆದರೆ ‘ಗಾರೆ’ಯಲ್ಲಿ ಮಾತ್ರ ಎಚ್ಚರಿಕೆ ಬೇಕು. ಕನ್ನಡಿಗನಿಗೆ ಗಾರೆಯೆಂದರೆ ಸುಣ್ಣ, ಮರಳು ಬೆರೆತದ್ದು. ನಾಗಪುರದ ‘ಗಾರಾ’ ಹೆಚ್ಚಾಗಿ ಬರಿಯ ಕಲಸಿದ ಮಣ್ಣು. ಗಾರೆಯ ಗೋಡೆ ಬೇಕೆಂದು ಹೇಳಿ ಮಣ್ಣಿನ ಗೋಡೆ ಪಡೆದರೆ ತಪ್ಪು ಮಿಸ್ತ್ರಿಯದಲ್ಲ.

ಇಂತಹುದೇ ಇನ್ನೊಂದು ‘ಗಚ್ಚು’. ಪಾರಸಿಯಲ್ಲಿ ‘ಗಚ್’ ಎಂದರೆ ಬಳಿಯುವ ಸುಣ್ಣ, ಜಿಪ್ಸಂ. ಕನ್ನಡದಲ್ಲಿ ಅದು ಕಲ್ಲುಗಳನ್ನು ಬೆಸೆಯುವ ಗಚ್ಚಾಯಿತು. ಮರಾಠಿಯಲ್ಲಿ ಗಚ್ಚಿನಿಂದ ಗಟ್ಟಿಮಾಡಿದ ಮಾಳಿಗೆಯೇ ‘ಗಚ್ಚಿ’ಯಾಯಿತು. ಬೇಸಿಗೆಯ ರಾತ್ರಿ ನಾಗಪುರದ ಸೆಕೆಗೆ ನಾವು ಹಾಸಿಗೆ ಹೊತ್ತು ಏರಿದ ಗಚ್ಚಿ, ನಮ್ಮ ಅಜ್ಜನ ಮನೆಯ ಗೋಡೆಯೊಳಗಿನ ಗಚ್ಚಿನ ತಂಗಿ. ಗೋಡೆಗೆ ಮೆತ್ತುವ ‘ಗಿಲಾವಾ’ ಕೂಡ ಪಾರಸಿಯದೇ. ‘ಗಿಲ್’ ಎಂದರೆ ಜೇಡಿ. ಉತ್ತರ ಕರ್ನಾಟಕದವರಿಗೆ ‘ಗಿಲಾವು’ ಹೊಸ ಮಾತಲ್ಲ.

ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡು ಕನ್ನಡದಲ್ಲಿ ‘ತೂಗುಗುಂಡು’. ಕಣ್ಣಿಗೆ ಕಂಡದ್ದನ್ನೇ ಹೇಳುವ ಮಾತು. ಮರಾಠಿಯವರು ‘ಓಳಂಬಾ’ ಎನ್ನುತ್ತಾರೆ. ಅದು ನಾವು ಬರಹದಲ್ಲಿ ದಿನವೂ ಬಳಸುವ ‘ಅವಲಂಬ’ವೇ. ಹಿಂದಿಯವರ ‘ಸಾಹುಲ್’ ಅರಬ್ಬಿಯ ಕಡೆಯಿಂದ ಬಂತು. ನಮ್ಮ ‘ಗರಗಸ’ ಸಂಸ್ಕೃತದ ‘ಕ್ರಕಚ’. ಮರಾಠಿಯ ‘ಕರವತ’ ಅದೇ ಸಂಸ್ಕೃತದ ‘ಕರಪತ್ರ’. ಸಂಸ್ಕೃತದ ಉಗ್ರಾಣದಿಂದ ಇಬ್ಬರೂ ಸಾಮಾನು ತಂದರು, ಆದರೆ ಬೇರೆ ಬೇರೆ ಕಪಾಟಿನಿಂದ.

‘ಸುರ್ಕಿ’ಯ ಕತೆಯನ್ನು ಹೇಳದೆ ಮುಂದೆ ಹೋಗಲಾಗದು. ಪಾರಸಿಯ ‘ಸುರ್ಖ್’ ಎಂದರೆ ಕೆಂಪು. ಸುಟ್ಟ ಇಟ್ಟಿಗೆಯನ್ನು ಪುಡಿಮಾಡಿ ಸುಣ್ಣಕ್ಕೆ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ಅದು ಸುರ್ಕಿ ಗಾರೆ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಕಟ್ಟಿದ್ದು ಈ ಸುರ್ಕಿ ಗಾರೆಯಿಂದ. ಅದರ ಹಿಂದಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿ, ನಾಸಿಕ, ಖಾನದೇಶಗಳಲ್ಲಿ ಕೆಲಸ ಕಲಿತವರು. ಹೊಟ್ಟೆಪಾಡಿಗಾಗಿ ಮರಾಠಿ ನಾಡಿಗೆ ಬಂದ ಕನ್ನಡಿಗರ ಪಂಕ್ತಿಯಲ್ಲಿ ಅವರೂ ಒಬ್ಬರೆಂದು ನೆನೆದರೆ ನಮಗೂ ಧೈರ್ಯ ಬರುತ್ತದೆ. ಇಲ್ಲಿ ಕಲಿತದ್ದು ಅಲ್ಲಿ ಕಾವೇರಿಗೆ ಒಡ್ಡಾಗಿ ನಿಂತಿತು.

ಇನ್ನು ಮನೆಯ ಅಂಗಗಳಿಗೆ ಬರೋಣ. ‘ಅಡಿಪಾಯ’ ಎಂಬ ಮಾತನ್ನು ಬಿಡಿಸಿ ನೋಡಿದವರು ವಿರಳ. ‘ಅಡಿ’ ಕನ್ನಡದಲ್ಲಿ ಪಾದ. ‘ಪಾಯ’ ಎಂಬುದೂ ಪಾದವೇ, ಮರಾಠಿಯ ‘ಪಾಯಾ’ ಅದೇ. ಎರಡು ಭಾಷೆಯ ಎರಡು ಪಾದಗಳನ್ನೂರಿ ನಮ್ಮ ಮನೆ ನಿಂತಿದೆ. ಅದರ ಮೇಲಿನ ‘ಕಂಬ’ ಮರಾಠಿಯ ‘ಖಾಂಬ’ದೊಡನೆ ‘ಸ್ಕಂಭ’ದಿಂದಲೂ, ‘ತೊಲೆ’ ಮರಾಠಿಯ ‘ತುಳಈ’ಯೊಡನೆ ‘ತುಲಾ’ದಿಂದಲೂ ಬಂದವು. ಎರಡು ತೊಲೆಗಳ ನಡುವಣ ಅಂತರ ನಮ್ಮಲ್ಲಿ ‘ಅಂಕಣ’, ಇವರಲ್ಲಿ ‘ಖಣ’. ಹಿಂದೆ ಮನೆಯ ದೊಡ್ಡತನವನ್ನು ಚದರಡಿಯಲ್ಲಿ ಹೇಳುತ್ತಿರಲಿಲ್ಲ. ಐದಂಕಣದ ಮನೆ, ಏಳಂಕಣದ ಮನೆ ಎನ್ನುತ್ತಿದ್ದರು. ಮರಾಠಿಯವರೂ ಖಣಗಳನ್ನೇ ಎಣಿಸುತ್ತಿದ್ದರು. ನಮ್ಮ ಹೆಣ್ಣುಮಕ್ಕಳಿಗೆ ಖಣವೆಂದೊಡನೆ ಗುಳೇದಗುಡ್ಡದ ಕುಪ್ಪಸದ ಬಟ್ಟೆ ನೆನಪಾಗುವುದು ಸಹಜ; ಮನೆಗೂ ಖಣ, ಮನೆಯೊಡತಿಗೂ ಖಣ.

ಮೇಲಂತಸ್ತು ಮರಾಠಿಯಲ್ಲಿ ‘ಮಾಡಿ’. ಇದು ದ್ರಾವಿಡ ಮೂಲದ್ದೆಂದು ಭಾಷಾಶಾಸ್ತ್ರಜ್ಞರು ಕಂಡಿದ್ದಾರೆ. ನಮ್ಮ ‘ಮಾಡ’, ‘ಮಹಡಿ’, ತಮಿಳಿನ ‘ಮಾಡಂ’ ಇದರ ಬಳಗ. ಹೀಗೆ ಸಾಲ ತಂದದ್ದಷ್ಟೇ ಅಲ್ಲ, ಕೊಟ್ಟದ್ದೂ ಇದೆ. ಈ ಕೊಡುಕೊಳೆಯ ಲೆಕ್ಕವನ್ನು ಶ್ರದ್ಧೆಯಿಂದ ಹುಡುಕಿದವರಲ್ಲಿ ಧಾರವಾಡದ ಶಂ. ಬಾ. ಜೋಶಿಯವರು ಮುಖ್ಯರು.

ಬೀಗದ ವಿಷಯದಲ್ಲಂತೂ ನಮ್ಮ ಮನೆಗಳಲ್ಲಿ ದಿನವೂ ನಗೆಯಾಟ ನಡೆಯಬಹುದು. ಧಾರವಾಡದ ಕಡೆಯ ಅಜ್ಜಿ ‘ಕೀಲಿ ತಾ’ ಎಂದರೆ ಬೀಗ ತರಬೇಕು. ನಾಗಪುರದಲ್ಲಿ ಹುಟ್ಟಿದ ಮೊಮ್ಮಗ ಮರಾಠಿಯ ‘ಕಿಲ್ಲಿ’ಯೆಂದು ತಿಳಿದು ಬೀಗದ ಕೈ ತರುತ್ತಾನೆ. ಎರಡಕ್ಕೂ ಮೂಲ ಸಂಸ್ಕೃತದ ‘ಕೀಲ’ವೇ. ಹಿಂದಿಯ ಗೆಳೆಯ ಅದನ್ನೇ ‘ಚಾಬಿ’ ಎಂದರೆ, ಅದು ಪೋರ್ಚುಗೀಸರ ‘ಶಾವೆ’. ಹೆಂಚಿನ ಕೆಳಗಿನ ಮರದ ಪಟ್ಟಿ ‘ರೀಪು’ ಕೂಡ ಪೋರ್ಚುಗೀಸರ ‘ರಿಪಾ’.

ಬಾಗಿದ ದ್ವಾರಕ್ಕೆ ನಾವೂ ಇವರೂ ‘ಕಮಾನು’ ಎನ್ನುತ್ತೇವೆ. ಪಾರಸಿಯಲ್ಲಿ ಕಮಾನೆಂದರೆ ಬಿಲ್ಲು. ಪಾರಸಿಯ ‘ಗುಂಬದ್’ ಕನ್ನಡದ ಬಾಯಲ್ಲಿ ‘ಗುಮ್ಮಟ’ವಾಗಿ ಎಷ್ಟು ನಮ್ಮದಾಯಿತೆಂದರೆ, ಒಳವ್ಯಾಸ ಸುಮಾರು ೩೮ ಮೀಟರಿರುವ ವಿಜಯಪುರದ ಗೋಳಗುಮ್ಮಟವನ್ನು ಹೆಸರಿಸುವಾಗ ಯಾರಿಗೂ ಅದು ಹೊರಗಿನ ಮಾತೆಂದು ತೋರುವುದಿಲ್ಲ. ಕಮಾನು ಕಟ್ಟುವಾಗ ಕೆಳಗೆ ಆನಿಸುವ ಮರದ ಚೌಕಟ್ಟಿಗೆ ಇಂಗ್ಲಿಷರು ‘ಸೆಂಟರಿಂಗ್’ ಎನ್ನುತ್ತಿದ್ದರು. ಇಂದು ಕಮಾನುಗಳೇ ಇಲ್ಲ, ಎಲ್ಲ ಚಪ್ಪಟೆ ಸ್ಲ್ಯಾಬು. ಆದರೆ ಬೆಂಗಳೂರಿನಲ್ಲೂ ನಾಗಪುರದಲ್ಲೂ ಸ್ಲ್ಯಾಬಿನ ಕೆಳಗೆ ಹೊಡೆಯುವುದು ‘ಸೆಂಟ್ರಿಂಗೇ’. ವಸ್ತು ಹೋದರೂ ಮಾತು ಹೊಸ ಕೆಲಸ ಹುಡುಕಿಕೊಂಡಿತು.

ಇಷ್ಟನ್ನೆಲ್ಲ ಓದಿದ ವಾಚಕರೊಬ್ಬರು, ‘ಎಲ್ಲವೂ ಸಾಲವೇ ಆದರೆ ನಮ್ಮದೆಂಬುದು ಏನುಳಿಯಿತು?’ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಕಲ್ಲು ನಮ್ಮದು, ಮಣ್ಣು ನಮ್ಮದು. ಮನೆ, ಗೋಡೆ, ಸೂರು, ಹೊಸ್ತಿಲು, ಮೆಟ್ಟಿಲು ನಮ್ಮವು. ‘ಬಾಗಿಲು’ ಎಂಬುದು ‘ಬಾಯ್’ ಮತ್ತು ‘ಇಲ್’ ಕೂಡಿ ಆದದ್ದು. ಇಲ್ ಎಂದರೆ ಮನೆ. ಮನೆಯ ಬಾಯೇ ಬಾಗಿಲು. ‘ಹಂಚು’ ನಮ್ಮದೇ, ರೊಟ್ಟಿ ಸುಡುವುದೂ ಹಂಚು, ಮಳೆ ತಡೆಯುವುದೂ ಹಂಚು, ಹೊಟ್ಟೆಯನ್ನೂ ತಲೆಯನ್ನೂ ಒಂದೇ ಮಾತು ಕಾಯುತ್ತದೆ. ಇರುವುದಕ್ಕೆ ಬೇಕಾದ ಮೂಲದ ಮಾತುಗಳು ಕನ್ನಡದವು; ಕಾಲಕಾಲಕ್ಕೆ ಬಂದ ಹೊಸ ಕುಶಲತೆಯ ಮಾತುಗಳು ಬಂದವರೊಡನೆ ಬಂದವು. ಒಂದು ಮನೆಯನ್ನು ಒಂದೇ ಗಣಿಯ ಕಲ್ಲಿನಿಂದ ಕಟ್ಟುವವರಿಲ್ಲ. ನಾಗಪುರದ ರೈಲು ನಿಲ್ದಾಣದ ೧೯೨೫ರ ಕಟ್ಟಡಕ್ಕೆ ಸಾವನೇರದ ಮರಳುಗಲ್ಲು ಬಂತು. ಹಾಗೆಂದು ಅದು ನಾಗಪುರದ್ದಲ್ಲವೆನ್ನುವವರುಂಟೆ? ಭಾಷೆಯ ಕಟ್ಟಡವೂ ಹಾಗೆಯೇ.

ಆದುದರಿಂದ ನಮ್ಮ ಮಕ್ಕಳ ಕನ್ನಡದಲ್ಲಿ ನಾಲ್ಕು ಮರಾಠಿ ಮಾತು ನುಸುಳಿತೆಂದು ಹೌಹಾರುವುದು ಅನಾವಶ್ಯಕ. ನಿಜವಾದ ನಷ್ಟ ಬೇರೆ ಕಡೆ ಇದೆ. ಮಾತು ಸಾಯುವುದು ಇನ್ನೊಂದು ಮಾತು ಬಂದದ್ದರಿಂದಲ್ಲ. ವಸ್ತು ಕಾಣೆಯಾದಾಗ, ಅದನ್ನು ಬಲ್ಲವರನ್ನು ಯಾರೂ ಕೇಳದೆ ಹೋದಾಗ. ಸಿಮೆಂಟು ಬಂದು ಗಾರೆ ಹೋಯಿತು. ಸ್ಲ್ಯಾಬು ಬಂದು ಜಂತಿ ಹೋಯಿತು. ಜಂತಿಯ ಮಾಳಿಗೆಯೊಡನೆ, ಅಡಿಗೆಮನೆಗೆ ಮೇಲಿನಿಂದ ಬಿಸಿಲಿನ ಕೋಲು ಇಳಿಸುತ್ತಿದ್ದ ಬೆಳಕಿಂಡಿ ಹೋಯಿತು. ‘ಬೆಳಕಿಂಡಿ’ ಎಂದರೆ ಏನೆಂದು ನಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿರಿ. ಉತ್ತರ ಬರದಿದ್ದರೆ ತಪ್ಪು ಮಕ್ಕಳದಲ್ಲ. ತೋರಿಸಲು ನಮ್ಮ ಬಳಿ ಬೆಳಕಿಂಡಿಯೂ ಇಲ್ಲ, ಹೇಳಲು ಪುರಸತ್ತೂ ಇಲ್ಲ.

ಮಾತು ಹೋದಾಗ ಅದರೊಡನೆ ಜನರ ಚರಿತ್ರೆಯೂ ಹೋಗುತ್ತದೆ. ಕರ್ನಾಟಕದಲ್ಲಿ ಉಪ್ಪಾರರೆಂಬ ಸಮುದಾಯವಿದೆ. ಹೆಸರೇ ಹೇಳುವಂತೆ ಉಪ್ಪು ತೆಗೆಯುತ್ತಿದ್ದವರು. ಸುಣ್ಣ, ಮಣ್ಣು, ಕಟ್ಟಡದ ಕೆಲಸವೂ ಅವರ ಕಸುಬಾಯಿತು. ಮಹಾರಾಷ್ಟ್ರದಲ್ಲಿ ಲೋಣಾರಿಗಳೆಂಬವರಿದ್ದಾರೆ, ‘ಲೋಣ’ ಎಂದರೆ ಲವಣ, ಅದೂ ಉಪ್ಪೇ, ಅವರೂ ಸುಣ್ಣ ಸುಡುವವರಾದರು. ಎರಡು ಭಾಷೆಯಲ್ಲಿ ಎರಡು ಹೆಸರು, ಬದುಕಿನ ದಾರಿ ಒಂದೇ. ಕಲ್ಲೊಡೆಯುವ ವಡ್ಡರು ಕನ್ನಡ, ಮರಾಠಿ ಎರಡೂ ಸೀಮೆಗಳಲ್ಲಿ ಕೆಲಸವಿದ್ದಲ್ಲಿಗೆ ನಡೆದು ಹೋದರು. ಮನೆಯಲ್ಲಿ ಒಂದು ಬಗೆಯ ತೆಲುಗು, ಕೆಲಸದಲ್ಲಿ ಆ ನಾಡಿನ ಮಾತು. ಈ ಹಾಸುಗಲ್ಲು, ಈ ಸುಣ್ಣ, ಈ ರಸ್ತೆಗಳ ಜಲ್ಲಿ ಇಂತಹವರ ಕೈಯಿಂದ ಬಂದವು. ಕನ್ನಡದಲ್ಲಿ ‘ಕೂಲಿ’ ಎಂದರೆ ದುಡಿಮೆಗೆ ಕೊಡುವ ಹಣ. ಹಿಂದಿಯಲ್ಲಿ ‘ಕುಲಿ’ ಎಂದರೆ ಆ ಹಣಕ್ಕಾಗಿ ದುಡಿಯುವ ಮನುಷ್ಯ. ಹಿಂದಿಯ ಮಾತಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಎರಡು ಮತವಿದ್ದರೂ, ಹಣದ ಹೆಸರೇ ಮನುಷ್ಯನ ಹೆಸರಾದಂತೆ ಕೇಳಿಸುವುದು ಮನಸ್ಸನ್ನು ಚುಚ್ಚುವಂತಹುದು. ಓಜನೆಂದು ಕರೆದ ನಾಲಗೆಯೇ ಅಲ್ಲವೆ ನಮ್ಮದು?

ಈ ಕೆಲಸದಲ್ಲಿ ನೆರೆಯ ತೆಲುಗರು ನಮಗೊಂದು ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ. ಭದ್ರಿರಾಜು ಕೃಷ್ಣಮೂರ್ತಿಯವರು ಹಳ್ಳಿ ಹಳ್ಳಿಯ ಒಕ್ಕಲಿಗರನ್ನು ಕೇಳಿ ಬರೆಸಿಕೊಂಡ ವೃತ್ತಿಪದಕೋಶದ ಮೊದಲ ಸಂಪುಟ ೧೯೬೨ರಲ್ಲಿ ಹೊರಬಂತು. ಆ ಮಾಲೆಯಲ್ಲಿ ಮನೆ ಕಟ್ಟುವ ಕಸುಬಿಗೂ ಒಂದು ಸಂಪುಟ ಮೀಸಲಾಯಿತು. ಕನ್ನಡದಲ್ಲಿಯೂ ವೃತ್ತಿಪದಗಳನ್ನು ಕೂಡಿಸುವ ಕೆಲಸ ನಡೆದಿದೆ. ಆದರೆ ನಾಡಿನ ಹೊರಗೆ ನೆಲಸಿದ ನಮ್ಮ ಬಾಯಲ್ಲಿ ಉಳಿದ ಮಾತುಗಳನ್ನು ಕೂಡಿಸಬೇಕಾದವರು ನಾವೇ. ಐವತ್ತು ಅರುವತ್ತು ವರ್ಷಗಳ ಹಿಂದೆ ಊರು ಬಿಟ್ಟು ಬಂದವರ ಬಾಯಲ್ಲಿ ಊರಿನಲ್ಲೇ ಮರೆತುಹೋದ ಮಾತುಗಳು ಕೆಲವು ವೇಳೆ ಬೆಚ್ಚಗೆ ಉಳಿದಿರುತ್ತವೆ. ಹಳೆಯ ಪೆಟ್ಟಿಗೆಯ ತಳದಲ್ಲಿ ಅಜ್ಜಿಯ ಸೀರೆ ಉಳಿದಂತೆ.

ಅದಕ್ಕಾಗಿ ದೊಡ್ಡ ಸಂಸ್ಥೆ ಬೇಡ, ಹಣ ಬೇಡ. ಒಂದು ನೋಟುಪುಸ್ತಕ ಸಾಕು. ನಮ್ಮ ಸಂಘದ ಪ್ರತಿಯೊಂದು ಮನೆಯಲ್ಲೂ ಹಿರಿಯರೊಬ್ಬರು ಮಕ್ಕಳನ್ನು ಕೂಡಿಸಿಕೊಂಡು, ತಾವು ಹುಟ್ಟಿ ಬೆಳೆದ ಮನೆಯ ನಕಾಶೆಯನ್ನು ನೆನಪಿನಿಂದ ಬರೆಯಲಿ. ಜಗುಲಿ ಎಲ್ಲಿತ್ತು, ಪಡಸಾಲೆ ಎಲ್ಲಿತ್ತು, ಹಗೇವು ಎಲ್ಲಿತ್ತು, ಯಾವ ಕಂಬಕ್ಕೆ ಒರಗಿ ಕೂಡುತ್ತಿದ್ದರು, ಎಷ್ಟು ಅಂಕಣದ ಮನೆ, ಯಾರು ಕಟ್ಟಿದರು ಎಂದು ಹೇಳುತ್ತಾ ಹೋಗಲಿ. ಮಕ್ಕಳು ಒಂದೊಂದಕ್ಕೂ ಹೆಸರು ಬರೆಯಲಿ. ಮೈಸೂರಿನವರ ಮನೆ, ಮಂಗಳೂರಿನವರ ಮನೆ, ಧಾರವಾಡದವರ ಮನೆ, ಕಲಬುರಗಿಯವರ ಮನೆ ಹೆಸರು ಹೆಸರಿನಲ್ಲೂ ಬೇರೆಯಾಗುವುದು. ಅದನ್ನು ಕೂಡಿಸಿದರೆ ಮುಂದಿನ ವರ್ಷದ ಸಂಚಿಕೆಗೆ ಇದಕ್ಕಿಂತ ಒಳ್ಳೆಯ ಲೇಖನ ದೊರೆಯುವುದು. ನಿಮ್ಮ ಮನೆಗೆ ಮಿಸ್ತ್ರಿ ಬಂದಾಗಲೂ ಅವನಿಗೊಂದು ಲೋಟ ಚಹ ಕೊಟ್ಟು, ಅವನ ಹತಾರಗಳ ಹೆಸರು ಕೇಳಿರಿ. ಅವನಿಗೂ ಸಂತೋಷವಾದೀತು, ತನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದನ್ನು ಅವನು ಕಂಡಿರಲಿಕ್ಕಿಲ್ಲ.

ಕಡೆಯದಾಗಿ ಒಂದು ತೇದಿಯ ಮಾತು. ೧೯೫೬ನೆಯ ನವೆಂಬರ್ ೧ರಂದು ನಮ್ಮ ರಾಜ್ಯ ಒಂದಾಯಿತು. ಹೈದರಾಬಾದ್ ರಾಜ್ಯದಲ್ಲಿದ್ದ ಶಹಾಬಾದು, ಮದರಾಸ್ ರಾಜ್ಯದಲ್ಲಿದ್ದ ಮಂಗಳೂರು ಎರಡೂ ಅಂದೇ ಮೈಸೂರು ರಾಜ್ಯಕ್ಕೆ ಸೇರಿದವು. ೧೯೭೩ರ ನವೆಂಬರ್ ೧ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅದೇ ೧೯೫೬ರ ನವೆಂಬರ್ ೧ರಂದೇ ನಾಗಪುರವು ಮಧ್ಯಪ್ರದೇಶದ ರಾಜಧಾನಿಯಾಗಿರುವುದನ್ನು ಬಿಟ್ಟು, ವಿದರ್ಭದೊಡನೆ ಮುಂಬಯಿ ರಾಜ್ಯದೊಳಗೆ ಬಂತು. ಒಂದೇ ದಿನ ಈ ಮೂರೂ ಊರುಗಳ ಮನೆಯ ವಿಳಾಸ ಬದಲಾಯಿತು. ಆ ದಿನವೂ ಎಲ್ಲೋ ಒಬ್ಬ ಮಿಸ್ತ್ರಿ ನಾಗಪುರದ ಒಂದು ಮನೆಯಲ್ಲಿ ಮಂಡಿಯೂರಿ, ಶಹಾಬಾದಿನ ಕಲ್ಲನ್ನು ನೆಲಕ್ಕೆ ಕೂಡಿಸುತ್ತಿದ್ದಿರಬೇಕು. ಗಡಿಗಳು ಬದಲಾದ ಸುದ್ದಿ ಅವನ ಕರಣೆಗೆ ತಟ್ಟಲಿಲ್ಲ. ನಾವು ಪ್ರತಿ ವರ್ಷ ಆಚರಿಸುವ ಹಬ್ಬ ಹೀಗೆ ನಾಗಪುರದ ಚರಿತ್ರೆಯ ದಿನವೂ ಹೌದು. ಆ ದಿನ ಬಾವುಟವನ್ನು ನೋಡಲು ತಲೆ ಎತ್ತುವ ಮುನ್ನ, ಒಮ್ಮೆ ತಲೆ ಬಗ್ಗಿಸಿ ನಾವು ನಿಂತ ನೆಲವನ್ನೂ ನೋಡೋಣ.